ದೂರ ನಿಂತರೆ ಕಾಣುವ ಮುಖ

ಈ ಬೆಳಿಗ್ಗೆ ನನ್ನ ಫೋನಿಗೆ ಒಂದು ದೀಪ ಬಂತು. ಅದು ದೀಪವೆಂದು ಮೊದಲು ಗೊತ್ತಾಗಲಿಲ್ಲ. ತೆರೆಯ ತುಂಬ ಚುಕ್ಕಿ, ಗೆರೆ, ನಕ್ಷತ್ರದ ಗುರುತು, ನಡುನಡುವೆ ಒಂದೊಂದು ಸೊನ್ನೆ. ಹರಿದ ಚೀಲದಿಂದ ಅಂಗಳಕ್ಕೆ ಸುರಿದ ಜೋಳದ ಹಾಗಿತ್ತು. ಫೋನು ಕೆಟ್ಟಿರಬೇಕೆಂದು ಬದಿಗಿಡಲು ಹೋದೆ, ಅದು ಕೈಯಲ್ಲಿ ಅಡ್ಡಕ್ಕೆ ತಿರುಗಿತು. ಮುರಿದುಬಿದ್ದಿದ್ದ ಸಾಲುಗಳು ತಮ್ಮ ಪೂರಾ ಉದ್ದಕ್ಕೆ ಮೈ ಚಾಚಿಕೊಂಡವು. ಹಣತೆ, ಬತ್ತಿ, ಉರಿ ಮೂರೂ ಒಟ್ಟಿಗೆ ಎದ್ದು ನಿಂತವು.

ಕಳಿಸಿದವನು ಈರಣ್ಣ. ದೀಪಾವಳಿಗೆ ಅವನು ಶುಭಾಶಯ ಹೇಳುವ ರೀತಿ ಇದು. ಹಬ್ಬದ ದಿನ ಬರುವ ಬಣ್ಣಬಣ್ಣದ ಚಿತ್ರಗಳನ್ನು ನಾನು ನೋಡದೆಯೇ ಅಳಿಸುತ್ತೇನೆ. ಈರಣ್ಣನದನ್ನು ಅಳಿಸುವುದಿಲ್ಲ. ಯಾಕೆಂದು ಹೇಳಬೇಕಾದರೆ ನೀವು ನನ್ನ ಜೊತೆ ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಬೀದಿಗೆ ಬರಬೇಕು.

ಹತ್ತಿ ಬರುವ ತಿಂಗಳುಗಳಲ್ಲಿ ಆ ಬೀದಿಯ ಗಾಳಿಯಲ್ಲೆಲ್ಲ ನವಿರಾದ ಎಳೆ ತೇಲುತ್ತಿರುತ್ತದೆ. ಚಹಾ ಕುಡಿಯುವವರು ಮೊದಲು ಲೋಟದೊಳಗೆ ಊದಿ ಆಮೇಲೆ ಬಾಯಿಗಿಡುತ್ತಾರೆ. ಜಿನ್ನಿಂಗ್ ಮಿಲ್ಲಿನ ಗೋಡೆಗೆ ಆತುಕೊಂಡು ಈರಣ್ಣನ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಅಂಗಡಿಯ ಬೋರ್ಡು, ಎಲ್ಲವೂ ತೆಲುಗು ಕನ್ನಡ ಎರಡರಲ್ಲೂ. ಹೆಣ್ಣು ಆಲೂರಿನ ಕಡೆಯದು, ಗಂಡು ಕರ್ನೂಲಿನ ಕಡೆಯದು ಆದರೆ ಒಂದೇ ಕಾರ್ಡಿನ ಎರಡು ಮಗ್ಗುಲಲ್ಲಿ ಎರಡು ಭಾಷೆ. ನಾನು ಆಗ ಪತ್ರಿಕೆಯೊಂದಕ್ಕೆ ಈ ಭಾಗದ ಸುದ್ದಿ ಕಳಿಸುತ್ತಿದ್ದೆ. ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅವನ ಅಂಗಡಿಯ ಇನ್ವರ್ಟರೇ ನನಗೆ ಆಸರೆ.

“ಸಾರ್, ನೀವು ಬರದದ್ದು ನಾಳಿ ಹಳೇದಾಕ್ಕತಿ. ನನ್ನ ಕಾರ್ಡು ನೋಡ್ರಿ, ಅವರಿಗೆ ಮಕ್ಕಳಾಗೋ ಮಟ ಶೋಕೇಸಿನಾಗ ಇರ್ತೈತಿ” ಎನ್ನುತ್ತಿದ್ದ. ವಿನಯ ಅವನ ಗುಣವಲ್ಲ. ಅವನ ಮಾತು ಅಷ್ಟೇನೂ ಸುಳ್ಳೂ ಅಲ್ಲ.

ಒಂದು ದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಅವನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಬ್ಬ ಮುದುಕನ ಮುಖ ಕಂಡಿತು. ಗುಳಿಬಿದ್ದ ಕೆನ್ನೆ, ರುಮಾಲು, ಒಂದು ಬಗೆಯ ಸಿಟ್ಟು. ಯಾರೆಂದು ನೋಡಲು ಹತ್ತಿರ ಹೋದೆ. ಮುಖ ಇರಲಿಲ್ಲ. ಗೋಡೆಯ ಮೇಲಿದ್ದದ್ದು ಒಂದು ದೊಡ್ಡ ಹಾಳೆ, ಹಾಳೆಯ ತುಂಬ ಕನ್ನಡ ಅಕ್ಷರ.

“ಹತ್ರ ಹೋಗಬ್ಯಾಡ್ರಿ. ಹತ್ರ ಹೋದ್ರ ನಮ್ಮಪ್ಪ ಓಡಿಹೋಗ್ತಾನ” ಎಂದ ಈರಣ್ಣ.

ಮಾಡುವ ಬಗೆಯನ್ನು ಅವನೇ ವಿವರಿಸಿದ. ಫೋಟೋವನ್ನು ಕಂಪ್ಯೂಟರು ಸಣ್ಣಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕ ಎಷ್ಟು ಕಪ್ಪೆಂದು ಅಳೆಯುತ್ತದೆ. ಕಡುಗಪ್ಪಿದ್ದಲ್ಲಿ ಮೈತುಂಬ ಮಸಿ ಹೊತ್ತ ಅಕ್ಷರ, ನಸುಗಪ್ಪಿದ್ದಲ್ಲಿ ‘ಗ’, ‘ರ’ದಂಥ ಹಗುರ ಅಕ್ಷರ, ಅದಕ್ಕೂ ತೆಳುವಾದಲ್ಲಿ ಚುಕ್ಕಿ. ಬೆಳಕಿದ್ದಲ್ಲಿ ಏನೂ ಇಲ್ಲ, ಬರಿಯ ಕಾಗದ. ಅವನ ತಂದೆ ಎಮ್ಮಿಗನೂರಿನಲ್ಲಿ ಮಗ್ಗ ನಡೆಸಿದವರು. “ಇದು ಕಂಪ್ಯೂಟರ್ ಪನಿ ಕಾದು ಸಾರ್, ಅದರ ಕೆಲಸ ಅಲ್ಲ, ಇದು ನೇಯ್ಗಿ. ಸೆರಗಿನ ಹೂವು ನಮ್ಮಪ್ಪ ಚೌಕದ ಕಾಗದದಾಗ ಮನಿ ಎಣಿಸಿ ಬರೀತಿದ್ದ. ಅದರ ತಮ್ಮ ಇದು.”

ನನಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲವೆಂದು ಆ ದಿನ ಅನಿಸಿತ್ತು. ಪತ್ರಿಕೆಯಲ್ಲಿ ಅಚ್ಚಾಗುವ ಫೋಟೋ ಕೂಡ ಚುಕ್ಕಿಗಳೇ. ಭೂತಗನ್ನಡಿ ಹಿಡಿದು ಮಂತ್ರಿಗಳ ಮೂಗನ್ನೇ ಚುಕ್ಕಿಚುಕ್ಕಿಯಾಗಿ ನೋಡಿದವನು ನಾನು. ಸುದ್ದಿಮನೆಯಲ್ಲಿ ಬಹಳ ವರ್ಷ ಕಳೆದವರಿಗೆ ಬರುವ ರೋಗ ಇದು. ಯಾವುದೂ ಹೊಸದಾಗಿ ಕಾಣುವುದಿಲ್ಲ. ಮನೆಗೆ ಹೋಗಿ ಊಟ ಮಾಡುತ್ತ ಹೆಂಡತಿಗೆ ಹೇಳಿದೆ, ಬೇರೇನೂ ಮಾತಿರಲಿಲ್ಲವಾದ್ದರಿಂದ ಹೇಳಿದೆ. ನೀಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಸಣ್ಣ ಫೋಟೋದಿಂದ ಮಾಡಬಹುದೇನ್ರಿ?”

ನೀಲಮ್ಮನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ಇವಳು ತೊಟ್ಟಿಲಲ್ಲಿದ್ದಾಗಲೇ ತಾಯಿ ಜ್ವರ ಬಂದು ತೀರಿಕೊಂಡರು. ತಂದೆ ಆ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರಂತೆ. ಇವಳನ್ನು ಬೆಳೆಸಿದವರು ತಾಯಿಯ ತಂಗಿ, ತುಂಗಭದ್ರೆಯ ದಂಡೆಯ ನಾಗಲದಿನ್ನೆಯ ಚಿಗವ್ವ. “ನಮ್ಮವ್ವ ಹೆಂಗಿದ್ಲು” ಎಂದು ಕೇಳಿದರೆ ಚಿಗವ್ವ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು: “ನಿನ್ನಂಗ ಇದ್ಲು ಬಿಡು.”

ತಾಯಿಯ ಫೋಟೋ ಮನೆಯಲ್ಲಿ ಇರಲಿಲ್ಲವೆಂದಲ್ಲ. ದೊಡ್ಡದೇ ಇತ್ತು. ಈಗ ಮುಚ್ಚಿಹೋಗಿರುವ ಒಂದು ಸ್ಟುಡಿಯೋದಲ್ಲಿ ಮಾಡಿಸಿದ್ದು. ಹಣೆಯ ಮೇಲೆ ಮೂರೆಳೆ ವಿಭೂತಿ, ಕಾಸಿನ ಸರ, ಹಸಿರು ಸೀರೆ, ಗುಲಾಬಿ ಬಣ್ಣದ ಕೆನ್ನೆ. ಆ ಸ್ಟುಡಿಯೋದವನ ಪದ್ಧತಿ ಏನೆಂದರೆ, ಕುತ್ತಿಗೆಯಿಂದ ಕೆಳಗೆ ಒಂದೇ ಮೈ ಬರೆದಿಟ್ಟುಕೊಂಡಿದ್ದ, ಯಾರ ಮನೆಯವರು ಬಂದರೂ ಅದಕ್ಕೆ ತಲೆ ಕೂಡಿಸಿ ಕೊಡುತ್ತಿದ್ದ. ತಲೆ ಸರಿಯಾಗಿ ಕಾಣದಿದ್ದರೆ ಅದನ್ನೂ ತಾನೇ ಬರೆಯುತ್ತಿದ್ದ. ನಮ್ಮ ಓಣಿಯಲ್ಲೇ ಇನ್ನೆರಡು ಮನೆಯಲ್ಲಿ ಅದೇ ಹಸಿರು ಸೀರೆ, ಅದೇ ಕಾಸಿನ ಸರ ನೋಡಿದ್ದೇನೆ. ಬದುಕಿದ್ದಾಗ ಮುಖ ನೋಡಿ ಮಾತಾಡದವರು ಕೂಡ ಗೋಡೆಯ ಮೇಲೆ ಅಕ್ಕತಂಗಿಯರಾಗಿದ್ದರು.

ನೀಲಮ್ಮ ಆ ಚಿತ್ರಕ್ಕೆ ದಿನವೂ ಕೈ ಮುಗಿಯುತ್ತಿದ್ದಳು. “ಮುಗೀತೀನಿ. ಆದರ ಆಕಿ ನಮ್ಮವ್ವ ಅಂತ ಒಂದ ಸಲನೂ ಅನಿಸಿಲ್ಲ” ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದಳು. ಆಮೇಲೆ ಆ ಮಾತು ಎತ್ತಿರಲಿಲ್ಲ. ಮರೆತಿದ್ದಾಳೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುವ ಸದ್ದು ನಿಂತಾಗ, ಇಲ್ಲ, ಐವತ್ತು ದಾಟಿದರೂ ಇವಳು ಮರೆತಿಲ್ಲ ಎಂದು ತಿಳಿಯಿತು.

ಸ್ಟುಡಿಯೋದವನು ಮುಖ ಎತ್ತಿಕೊಂಡ ಮೂಲ ಫೋಟೋ ಇನ್ನೂ ಇತ್ತು. ಅವಳ ದೊಡ್ಡಪ್ಪನ ಮಗ ಶರಣಪ್ಪನವರ ಹತ್ತಿ ಅಂಗಡಿಯಲ್ಲಿ, ಗಾದಿಯ ಮೇಲುಗಡೆ. ಯಾವುದೋ ವರ್ಷದ ಲಕ್ಷ್ಮೀಪೂಜೆಯ ದಿನ ತೆಗೆಸಿದ್ದು. ಮುಂದೆ ಕುರ್ಚಿಗಳ ಮೇಲೆ ಗಂಡಸರು, ಹಿಂದೆ ಬಾಗಿಲ ನೆರಳಿನಲ್ಲಿ ಹೆಂಗಸರು. ಗಂಡಸರ ಹೆಸರು ಎಡದಿಂದ ಬಲಕ್ಕೆ ಕ್ರಮವಾಗಿ ಬರೆದಿತ್ತು. ಹೆಂಗಸರ ಹೆಸರಿಗೆ ಜಾಗ ಸಾಲದೇ ಹೋಗಿತ್ತು. ತುದಿಯಲ್ಲಿ, ನೆರಳು ಮುಗಿದು ಬಿಸಿಲು ಬಿದ್ದ ಕಡೆ ನಿಂತವರು ನೀಲಮ್ಮನ ತಾಯಿ. ಮುಖ ಹೆಬ್ಬೆರಳ ಉಗುರಿನಷ್ಟು.

ನಾನು ಅದನ್ನು ಫೋನಿನಲ್ಲಿ ಹಿಡಿದುಕೊಂಡು ಈರಣ್ಣನಿಗೆ ತೋರಿಸಿದೆ. ಅವನು ಹಿಗ್ಗಿಸಿ ನೋಡಿ, “ಫೋಟೋ ಆಗಿ ದೊಡ್ಡದು ಮಾಡಿದ್ರ ಗಂಜಿ ಆಕ್ಕತಿ. ಅಕ್ಷರ ಆಗಿ ಆದ್ರ ಇಷ್ಟ ಸಾಕು. ನನಗ ಚೌಕದ ಕಪ್ಪು ಗೊತ್ತಾದ್ರ ಮುಗೀತು” ಎಂದ. ಆಗ ನಾನು ಕೇಳಿದ್ದು ಸುದ್ದಿಮನೆಯ ಪ್ರಶ್ನೆ: “ಕಾಣದ ಕಡೆ ಏನು ಹಾಕುತ್ತೀ?”

“ಏನೂ ಹಾಕಲ್ಲ. ಖಾಲಿ ಬಿಡ್ತೀನಿ.”

ನಾನು ಆ ಉತ್ತರಕ್ಕೇ ಅವನಿಗೆ ಒಪ್ಪಿಬಿಟ್ಟೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕೆಂದು ಹೊಸ ವರದಿಗಾರರಿಗೆ ಹೇಳಿಹೇಳಿ ನನ್ನ ಗಂಟಲು ಒಣಗಿತ್ತು.

ಆದರೆ ಶರಣಪ್ಪನವರು ಸುಮ್ಮನಿರಲಿಲ್ಲ. ಫೋಟೋ ಅವರ ಅಂಗಡಿಯದು, ನೀಲಮ್ಮನ ತಾಯಿ ಅವರಿಗೆ ಚಿಕ್ಕಮ್ಮ. ಈರಣ್ಣನ ಅಂಗಡಿಗೇ ಬಂದು ಕೂತರು.

“ಯಾವ ಅಕ್ಷರ ಹಾಕ್ತೀ?”

“ಯಾವುದ ಮಸಿ ಕೂಡ್ತೈತೋ ಅದು.”

“ಅಂದ್ರ ಅರ್ಥ ಇಲ್ಲದ್ದು? ಶಿವನ ಪಾದ ಸೇರಿದಾಕಿ ಮುಖದ ಮ್ಯಾಲ ಖಠಗ ಅಂತ ಬರೀತಿಯೇನು? ಓಂ ನಮಃ ಶಿವಾಯ ಅಂತ ಬರಿ. ತಲಿಯಿಂದ ಗದ್ದದ ಮಟ ಅದ ಇರ್ಲಿ.”

ಈರಣ್ಣನೂ ಶಿವಭಕ್ತನೇ. ಬೇಡವೆನ್ನದೆ ಒಪ್ಪಿಕೊಂಡ. ಮಂತ್ರದ ಕ್ರಮ ತಪ್ಪಿಸುವಂತಿಲ್ಲ, ನಡುವೆ ಖಾಲಿ ಬಿಡುವಂತಿಲ್ಲ. ಅದೇ ಅಕ್ಷರಗಳನ್ನು ಕಪ್ಪಿದ್ದಲ್ಲಿ ದಪ್ಪವಾಗಿ, ಬೆಳಕಿದ್ದಲ್ಲಿ ತೆಳುವಾಗಿ ಬರೆಸಬೇಕಾಯಿತು. ಸಾಲಿನ ಎತ್ತರ ಅಕ್ಷರದ ಅಗಲಕ್ಕಿಂತ ಹೆಚ್ಚು, ಆ ಲೆಕ್ಕ ತಪ್ಪಿ ಮೊದಲ ಹಾಳೆಯಲ್ಲಿ ಮುಖ ಹೀರೇಕಾಯಿಯಂತೆ ಇಳಿಯಿತು. ಎರಡನೆಯದರಲ್ಲಿ ಉದ್ದ ಸರಿಯಾಯಿತು, ಮುಖವೆಲ್ಲ ಮಂತ್ರ ತುಂಬಿ ಮಬ್ಬಾಯಿತು. ಮುಂದಿನವೂ ಹಾಗೇ. ಇಷ್ಟಾದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಕೆಟ್ಟ ಹಾಳೆಗಳನ್ನು ಏನು ಮಾಡುವುದು? ಮೈತುಂಬ ಶಿವನ ಹೆಸರು. ಕಸದ ಬುಟ್ಟಿಗೆ ಹಾಕುವಂತಿಲ್ಲ, ಹಿಂದಿನ ಮಗ್ಗುಲಲ್ಲಿ ಬೇರೇನೂ ಅಚ್ಚು ಮಾಡುವಂತಿಲ್ಲ, ನೆಲಕ್ಕೆ ಹಾಸಿ ಅಂಚು ಕತ್ತರಿಸುವಂತೆಯೂ ಇಲ್ಲ. ಈರಣ್ಣ ಅವನ್ನು ಸುರುಳಿ ಸುತ್ತಿ ಕಂಪ್ಯೂಟರಿನ ಮೇಲಿಟ್ಟ. ದಿನಾ ಊದಿನಕಡ್ಡಿ ಹಚ್ಚಬೇಕಾಯಿತು.

“ಭಾವಾರ, ತುಂಗಭದ್ರಾಕ್ಕ ಬಿಟ್ಟು ಬರ್ರಿ. ಬ್ಯಾರೆ ದಾರಿ ಇಲ್ಲ” ಎಂದು ಶರಣಪ್ಪನವರು ನನಗೇ ಕೆಲಸ ಹಚ್ಚಿದರು.

ಹೊರಡುವ ಹಿಂದಿನ ದಿನ ಈರಣ್ಣ ಯಾರಿಗೂ ಹೇಳದೆ ಇನ್ನೊಂದು ಹಾಳೆ ತೆಗೆದ. ತನ್ನ ಹಳೆಯ ಪದ್ಧತಿಯಲ್ಲಿ, ಮಸಿ ಕೂಡಿದ ಅಕ್ಷರ, ಚುಕ್ಕಿ, ಖಾಲಿ ಜಾಗ. “ಶರಣಪ್ಪಣ್ಣಗ ಹೇಳ್ರಿ, ಮುಖಕ್ಕ ಅರ್ಥ ಇರ್ತೈತೇನು ಅಂತ ಈರಣ್ಣ ಕೇಳ್ಯಾನ” ಎಂದು ಅದನ್ನೂ ಸುರುಳಿಗೆ ಸೇರಿಸಿದ. ಅವನ ಅಂಗಡಿಯ ಇಕ್ಕಟ್ಟಿನಲ್ಲಿ ಅದನ್ನು ಪೂರಾ ಬಿಚ್ಚಿ ನೋಡಲು ಆಗಲಿಲ್ಲ.

ನೀಲಮ್ಮ, ನಾನು ಎಮ್ಮಿಗನೂರಿಗೆ ಬಸ್ಸಿನಲ್ಲಿ, ಅಲ್ಲಿಂದ ಆಟೋದಲ್ಲಿ ನಾಗಲದಿನ್ನೆಗೆ ಹೋದೆವು. ಸುರುಳಿ ಅವಳ ತೊಡೆಯ ಮೇಲೆ. ಚಿಗವ್ವನ ಮನೆಯ ಅಂಗಳ ಉದ್ದ, ತುದಿಗೆ ದನದ ಕೊಟ್ಟಿಗೆ. ಚಿಗವ್ವ ಒಳಗೆ ಒಲೆಯ ಮುಂದಿದ್ದರು. ನೀಲಮ್ಮ ಹೊಸ ಹಾಳೆಯನ್ನು ಕೊಟ್ಟಿಗೆಯ ಗೋಡೆಗೆ ಹಿಡಿದು ಗೂಟಕ್ಕೆ ಸಿಕ್ಕಿಸಿದಳು. ಅದರ ಮುಂದೆಯೇ ನಿಂತು ನೋಡಿದಳು. “ಅಕ್ಷರ ಅದಾವ” ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ.

ಹಿಂದಕ್ಕೆ ಬಾ ಎಂದು ನಾನು ಹೇಳುವಷ್ಟರಲ್ಲಿ ಚಿಗವ್ವ ಸೆರಗಿಗೆ ಕೈ ಒರೆಸುತ್ತ ಹೊಸ್ತಿಲಿಗೆ ಬಂದರು. ಕಣ್ಣಿಗೆ ಪೊರೆ ಬಂದು ಅವರಿಗೆ ನಾವೇ ಮಸುಕುಮಸುಕು. ಅಂಗಳದ ಆ ತುದಿಯನ್ನು ನೋಡಿ ಹಾಗೇ ಬಾಗಿಲ ಚೌಕಟ್ಟು ಹಿಡಿದರು.

“ಯಕ್ಕಾ” ಎಂದರು. “ಎಷ್ಟ ಸಣ್ಣಾಕಿ ಅದೀಯೇ ನೀನು.”

ನೀಲಮ್ಮ ಓಡಿಬಂದು ಅವರ ಪಕ್ಕ ನಿಂತು ತಿರುಗಿ ನೋಡಿದಳು. ನಾನೂ ನೋಡಿದೆ. ಇಪ್ಪತ್ತು ತುಂಬಿದೆಯೋ ಇಲ್ಲವೋ ಎನ್ನುವಂಥ ಹುಡುಗಿ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇನ್ನೇನು ನಗಬೇಕು, ಯಾರೋ ಬೈದಾರೆಂದು ತಡೆದುಕೊಂಡಿದ್ದಾಳೆ. ಒಂದು ಕೆನ್ನೆ ಪೂರಾ ಖಾಲಿ. ಅಲ್ಲಿ ಬಿಸಿಲು ಬಿದ್ದಿತ್ತು.

“ಚಿಗವ್ವಾ, ನನ್ನಂಗ ಅದಾಳೇನು?”

“ಇಲ್ಲವ್ವ. ನಿನ್ನಂಗ ಇರ್ಲಿಲ್ಲ.” ಚಿಗವ್ವ ಹೊಸ್ತಿಲ ಮೇಲೆ ಕೂತರು. “ನಾ ಆವಾಗ ಲಂಗ ಉಡೋ ಹುಡುಗಿ. ಆ ಹಸರ ಸೀರಿ ಪಟ ಬಂದ ಮ್ಯಾಲ ನನಗ ಅಕ್ಕನ ಮುಖನ ಹೋಗಿಬಿಡ್ತು. ನೆನಸಿದ್ರ ಆ ಪಟನ ಬರ್ತಿತ್ತು. ನೀ ಕೇಳಿದಾಗ ಏನ ಹೇಳ್ಲಿ? ನಿನ್ನಂಗ ಇದ್ಲು ಅಂತಿದ್ದೆ.”

ನೀಲಮ್ಮ ಅತ್ತಳೋ ನಕ್ಕಳೋ ಎಂದು ಖಚಿತವಾಗಿ ಬರೆಯಲಾರೆ. ಎರಡೂ ಇತ್ತು. ಚಿಗವ್ವನ ತೋಳು ಹಿಡಿದುಕೊಂಡು, “ಸುಳ್ಳಬುರುಕಿ” ಎಂದಳು. ಇಬ್ಬರೂ ಹೊಸ್ತಿಲಲ್ಲಿ ಬಹಳ ಹೊತ್ತು ಕೂತರು. ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ, ಕೊನೆಗೆ ನಾನೇ ಹೋಗಿ ಇಳಿಸಿದೆ. ಸಂಜೆ ಹೊಳೆಗೆ ಹೋಗಿ ಮಂತ್ರದ ಹಾಳೆಗಳನ್ನು ನೀರಿಗೆ ಬಿಟ್ಟು ಬಂದೆವು. ಹೀರೇಕಾಯಿ ಮುಖ ಎಲ್ಲಕ್ಕಿಂತ ಹೆಚ್ಚು ಹೊತ್ತು ತೇಲಿತು.

ಊರಿಗೆ ಬಂದ ಮೇಲೆ ಹಸಿರು ಸೀರೆಯ ಚಿತ್ರವನ್ನು ಇಳಿಸಲೇ ಎಂದು ಕೇಳಿದೆ. “ಬ್ಯಾಡ್ರಿ. ಇಷ್ಟ ವರ್ಷ ನಮಸ್ಕಾರ ತಗೊಂಡಾಳ. ಈಗ ಎಲ್ಲಿಗೆ ಹೋಗ್ತಾಳ ಪಾಪ?” ಎಂದಳು. ಹೊಸ ಹಾಳೆಯನ್ನು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ಹಾಕಿದೆವು. ಶರಣಪ್ಪನವರು ಬಂದು ನೋಡಿದರು. ಹತ್ತಿರ ಹೋಗಿ ಖಠಗ ಓದಿದರು, ಮುಖ ಗಂಟು ಹಾಕಿಕೊಂಡೇ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋದರು, ಅಲ್ಲಿಂದ ತಿರುಗಿ ನೋಡಿದರು. ಮರುದಿನ ಈರಣ್ಣನ ಅಂಗಡಿಗೆ ಪೇಢೆಯ ಡಬ್ಬ ಹೋಗಿತ್ತು.

ನಮ್ಮ ಪಡಸಾಲೆ ಚಿಕ್ಕದು. ಒಳಗೆ ಎಲ್ಲಿ ನಿಂತರೂ ಬರಿಯ ಅಕ್ಷರ. ಮುಖ ಕಾಣಬೇಕಾದರೆ ಬಾಗಿಲು ತೆರೆದಿಟ್ಟು ಗೇಟಿನ ಹತ್ತಿರ ಹೋಗಬೇಕು. ಹಾಗಾಗಿ ತಾಯಿಯನ್ನು ನೋಡಲು ನೀಲಮ್ಮ ದಿನವೂ ಮನೆಯಿಂದ ಹೊರಗೆ ಹೋಗುತ್ತಾಳೆ. “ನಮ್ಮವ್ವ ನನ್ನ ಬಿಟ್ಟು ಹೋದ್ಲು” ಎಂದು ಮೊದಲು ಹೇಳುತ್ತಿದ್ದವಳು ಈಗ ಆ ಮಾತು ಆಡುವುದಿಲ್ಲ. “ಅಷ್ಟ ಸಣ್ಣ ಹುಡುಗಿ. ಎಷ್ಟ ಹೆದರಿರಬೇಕು” ಎನ್ನುತ್ತಾಳೆ. ಒಂದು ಮುಖ ಬೇಕೆಂದು ಹೋಗಿದ್ದೆವು. ಬಂದದ್ದು ಅದಕ್ಕಿಂತ ದೊಡ್ಡದು. ಈರಣ್ಣನಿಗೆ ಇದನ್ನು ಹೇಳಿದರೆ ಇನ್ನಷ್ಟು ಜಂಬ ಪಡುತ್ತಾನೆಂದು ಬಾಯಿಬಿಟ್ಟು ಹೇಳಿಲ್ಲ. ಅವನು ಈ ಬರಹ ಓದಲಿ, ಜಂಬ ಪಡಲಿ. ಪಡತಕ್ಕದ್ದೇ.

ಈಗ, ನಾನು ಇದನ್ನು ಬರೆಯುತ್ತಿರುವಾಗ, ಹೂವಿನವಳು ಗೇಟಿನಲ್ಲಿ ನಿಂತಿದ್ದಾಳೆ. ಹೊಸಬಳು, ಹಬ್ಬಕ್ಕೆಂದು ಈ ಓಣಿಗೆ ಬಂದವಳು. ತೆರೆದ ಬಾಗಿಲೊಳಗೆ ನೋಡಿ ಕೇಳುತ್ತಿದ್ದಾಳೆ.

“ಆ ಪಿಲ್ಲ ಯಾರಮ್ಮಾ? ಮಗಳೇನು?”

“ನಮ್ಮವ್ವ.”

ಹೂವಿನವಳು ನಗುತ್ತಾಳೆ. ಆಮೇಲೆ ಅರ್ಥವಾಗಿ ನಗು ನಿಲ್ಲಿಸಿ, ದನಿ ತಗ್ಗಿಸುತ್ತಾಳೆ. “ಹಂಗಾದ್ರ ಪಟಕ್ಕ ಹಾರ ಮಾಡಿಕೊಡ್ಲೇನಮ್ಮಾ?”

“ಹಾರ ಬ್ಯಾಡ” ಎನ್ನುತ್ತಿದ್ದಾಳೆ ನೀಲಮ್ಮ. “ಮುಡಿಸೋವಷ್ಟು ಕೊಡು.”