ಕೊನೆಯ ಕುರ್ಚಿಯ ವಿಜ್ಞಾನಿ

ಬಣ್ಣದಂಗಡಿ ಸಾಹುಕಾರರ ಅಂದಾಜಿನಲ್ಲಿ, ಅವರ ಮಹಡಿಯಲ್ಲಿ ಬಾಡಿಗೆಗಿರುವ ವಿಜ್ಞಾನಿ ಹುಡುಗಿ ತೂಕ ಕಡಿಮೆ, ಸದ್ದು ಜಾಸ್ತಿಯ ಸರಕು. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಆಗಲೇ ಬಣ್ಣದಲ್ಲಿ ಸೀಸ ಇರಬೇಕೇ ಬೇಡವೇ ಎಂದು ತೀರ್ಮಾನಿಸುವ ಸರಕಾರಿ ಸಮಿತಿಯಲ್ಲಿ ಕೊನೆಯ ಕುರ್ಚಿ. ಅಲ್ಲಿ ಹಿರಿಯರ ಮಾತು ಮುಗಿಯುವವರೆಗೂ ಕೈ ಎತ್ತಿಯೇ ಕೂರುತ್ತಾಳೆ. ಬಲಗೈ ಸೋತರೆ ಎಡಗೈ. "ಚಹಾ ಬೇಕಾ ಅಂತ ಕೇಳ್ತಾರೆ ಸಾಹುಕಾರ್ರೇ, ಏನು ಹೇಳ್ತೀಯ ಅಂತ ಕೇಳಲ್ಲ" ಎಂದು ದೂರುತ್ತಾಳೆ. "ಮನೆ ಕೊಟ್ಟವನ ಅನ್ನಕ್ಕೇ ಕಲ್ಲು ಹಾಕ್ತೀಯಲ್ಲಮ್ಮ!" ಎಂದು ಅವರು ರೇಗಿದರೆ, ನಗುತ್ತಲೇ ಅಂಗಡಿ ಬಾಗಿಲಿನ ಬಣ್ಣವನ್ನು ಪರೀಕ್ಷೆಗೆಂದು ಕೆರೆದುಕೊಂಡು ಹೋಗುತ್ತಾಳೆ. ಒಮ್ಮೆ ಅವರ ಮೊಮ್ಮಗಳ ತೊಟ್ಟಿಲನ್ನೂ ಕೆರೆದಳು. ಮರುದಿನ ಬಂದಾಗ ಅವಳ ದನಿ ತಗ್ಗಿತ್ತು: "ಇದರಲ್ಲಿ ಸೀಸ ತುಂಬಾ ಇದೆ. ಪುಟ್ಟಿ ಅಂಚು ಕಚ್ತಾಳೆ, ಇವತ್ತೇ ರಕ್ತ ಪರೀಕ್ಷೆ ಮಾಡ್ಸಿ." ಅವಳ ಹಟಕ್ಕೆ ಸಮಿತಿ ಸೀಸವನ್ನು ನಿಷೇಧಿಸಿತು, ಗೋದಾಮಿನ ಅರ್ಧ ಸರಕು ಕಸವಾಯಿತು. ಸಕಾಲಕ್ಕೆ ಗೊತ್ತಾದ್ದರಿಂದ ಮೊಮ್ಮಗಳು ಚೆನ್ನಾಗಿದ್ದಾಳೆ. ಅದಕ್ಕೆ ಸಾಹುಕಾರರು ಆ ಹುಡುಗಿಗೆ ಋಣಿ.