ನೀರು ಬರುವ ದಿನ

ಇಂದು ಬೆಳಿಗ್ಗೆ ನಳ ತಿರುಗಿಸಿದಾಗ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಕ್ಷಣ ನಾನು ಕಾಚಿಗೂಡದ ಹಳೆಯ ಬಾಡಿಗೆ ಮನೆಯಲ್ಲಿದ್ದೆ. ಈ ವಾಸನೆಯನ್ನು ನಂಬುತ್ತೇನೆ. ಅದರ ಹಿಂದೆ ಬರುವ ನೆನಪುಗಳನ್ನು ಅಷ್ಟಾಗಿ ನಂಬುವುದಿಲ್ಲ. ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ.

ಅಲ್ಲಿ ದಿನ ಬಿಟ್ಟು ದಿನ ನೀರು. ನಳ ಸುಸ್ಸೆಂದ ಕೂಡಲೇ ಕೊಡಗಳಲ್ಲಿ ಉಳಿದದ್ದನ್ನು ಮೋರಿಗೆ ಸುರಿದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸದನ್ನು ತುಂಬಬೇಕು. ಎರಡು ದಿನದ ನೀರೆಂದರೆ ಅವ್ವನಿಗೆ ಹಳಸಿದ ಅನ್ನವಿದ್ದಂತೆ. ಕಲಬುರಗಿ ಬಿಟ್ಟು ಬಂದು ಎಷ್ಟೋ ವರ್ಷವಾಗಿದ್ದರೂ ಈ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ.

ಎದುರಿಗೆ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಯಾದಗಿರಿ ಕಡೆಯ ದೇವಮ್ಮ, ಆ ತೆಲುಗು ಓಣಿಯಲ್ಲಿ ಅವ್ವ ನನ್ನನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ, ಧೈರ್ಯ ಮಾಡಿ ಒಳಗೆ ಬಂದಳು. ಕಟ್ಟಡದ ಬೋರ್‌ವೆಲ್ ನೀರು ಕುಡಿದು ಅವಳ ಕೂಸಿಗೆ ಭೇದಿ ಹತ್ತಿತ್ತು.

“ಅವ್ವಾರ, ಆ ಮೋರಿಗಿ ಸುರಿಯೋ ನೀರು ನನ್ನ ಕೊಡಕ್ಕ ಹಾಕ್ರಿ.”

“ಹಳೀ ನೀರು ಕೂಸಿಗಿ ಕೊಡತಾರೇನ? ನನಗ ಪಾಪ ಹತ್ತತೈತಿ,” ಅಂದಳು ಅವ್ವ. “ಹೊಸಾ ನೀರು ಬರಲಿ, ಮೊದಲನೇ ಕೊಡ ನಿಂದ.”

ಆ ಮಾತಿಗೆ ಅವ್ವ ಒಮ್ಮೆಯೂ ತಪ್ಪಲಿಲ್ಲ. ಸಿಕಂದರಾಬಾದಿನ ಚಿಕ್ಕಮ್ಮನ ಮನೆಗೆ ಹೋಗುವಾಗ ಮೊದಲ ಕೊಡ ದೇವಮ್ಮನಿಗೆ ಎಂದು ನನಗೂ ಹೇಳಿಯೇ ಹೋದಳು. ಆಗ ನಾನು ವಿಶ್ವವಿದ್ಯಾಲಯದಲ್ಲಿ ಜಗತ್ತಿನ ನೀರಿನ ಕೊರತೆಯ ಬಗ್ಗೆ ದೊಡ್ಡದೊಂದು ಬರಹ ಸಿದ್ಧಪಡಿಸುತ್ತಿದ್ದೆ. ಯಾವ ಖಂಡದ ಹೆಂಗಸರು ಕೊಡ ಹೊತ್ತು ಎಷ್ಟು ದೂರ ನಡೆಯುತ್ತಾರೆಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ.

ಮರುದಿನ ನಳ ಸುಸ್ಸೆಂದಿತು. ಅಭ್ಯಾಸಬಲದಿಂದ ಎಲ್ಲ ಕೊಡಗಳನ್ನೂ ಬರಿದು ಮಾಡಿದೆ. ನಳದಲ್ಲಿ ಬಂದದ್ದು ಗಾಳಿ ಮಾತ್ರ. ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದ ದೇವಮ್ಮ ಮೋರಿಯತ್ತ ನೋಡಿದಳು.

“ಭಾಳ ಓದೀರಿ ಅಣ್ಣಾರ,” ಅಂದಳು. “ಬರೂಕಿಂತ ಮೊದಲ ಚೆಲ್ಲೂದು ನಿಮ್ಮ ಪುಸ್ತಕದಾಗ ಬರದೈತೇನ್ರಿ?”

ನಾನು ನಕ್ಕೆ. ಅವಳು ಹೋದ ಮೇಲೆ ಅಂಗಡಿಯಿಂದ ಎರಡು ಕ್ಯಾನ್ ಕುಡಿಯುವ ನೀರು ತಂದೆ.

ಮಧ್ಯಾಹ್ನ ಅವಳು ಮತ್ತೆ ಬಂದಳು. ತಲೆಯ ಮೇಲೆ ತುಂಬಿದ ಕೊಡ. ಅದೇ ಬೋರ್‌ವೆಲ್ ನೀರು.

“ಅವ್ವಾರ ಇಲ್ಲ, ನೀವೊಬ್ಬರು ಏನ್ ಮಾಡತೀರಿ ಅಂತ ತಂದೆ. ಕಾಸಿ ಕುಡೀರಿ ಮತ್ತ. ಹಂಗ ಕುಡದ್ರ ಹೊಟ್ಟಿ ಕೆಡತೈತಿ.”

“ಕೂಸು ಹೆಂಗೈತಿ?”

“ಅಳಾಕತ್ತೈತ್ರಿ. ಅಳೂದಾದ್ರೂ ಅಳಾಕತ್ತೈತಿ.”

ಕೊಡ ಇಳಿಸಿಕೊಂಡೆ. ಅವಳಿಗೆ ಕಾಣದಂತೆ ಕ್ಯಾನುಗಳನ್ನು ಕಾಲಿನಿಂದ ಬಾಗಿಲ ಹಿಂದೆ ಸರಿಸಿದೆ. ನಾಚಿಕೆಯಿಂದ ಹಾಗೆ ಮಾಡಿದೆನೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಂದನ್ನು ಅವಳಿಗೆ ಕೊಡಬಹುದೆಂಬುದು ಅವಳು ಹೋದ ಮೇಲೆ ಹೊಳೆಯಿತೋ, ಅವಳು ಎದುರಿಗೆ ನಿಂತಿದ್ದಾಗಲೇ ಹೊಳೆದಿತ್ತೋ, ಈಗಲೂ ಖಚಿತವಾಗಿ ಹೇಳಲಾರೆ.

ಮುಂದಿನ ಸಲ ನೀರು ಬಂದಾಗ ಅವಳು ಬರಲಿಲ್ಲ. ಕೂಸನ್ನು ಎತ್ತಿಕೊಂಡು ಊರಿನ ರೈಲು ಹತ್ತಿದಳಂತೆ. ಕೂಸು ಏನಾಯಿತೋ ತಿಳಿಯದು. ಅಷ್ಟರಲ್ಲಿ ಮರಳಿ ಬಂದಿದ್ದ ಅವ್ವ ಮೊದಲ ಕೊಡ ತುಂಬಿ, ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದಳು.

ಈಚೆಗೆ ನನ್ನ ನೆನಪು ನನಗೆ ಉಪಕಾರ ಮಾಡತೊಡಗಿದೆ. ಅದರಲ್ಲಿ ನಾನು ದೇವಮ್ಮನನ್ನು ಕೂಗಿ ನಿಲ್ಲಿಸುತ್ತೇನೆ, ಕ್ಯಾನ್ ಹೊತ್ತು ರಸ್ತೆ ದಾಟುತ್ತೇನೆ. ಇಂದು ದಿನಚರಿಯಲ್ಲಿ ಅದನ್ನೇ ಬರೆಯುತ್ತ ‘ಕೊಟ್ಟೆ’ ಎನ್ನುವವರೆಗೂ ಬಂದಿದ್ದೆ. ಹೊಡೆದುಹಾಕಿದೆ. ‘ಬಾಗಿಲ ಹಿಂದೆ ಸರಿಸಿದೆ’ ಎಂದು ಬರೆದೆ.