ಒಬ್ಬೊಬ್ಬರಿಗೆ ಒಂದೊಂದು ಹಾಳೆ

ನಮ್ಮ ಇಂಗ್ಲಿಷ್ ಸರ್ ಅವರ ಬಲಗೈ ತೋರುಬೆರಳಿಗೆ ಯಾವಾಗಲೂ ಕಿತ್ತಳೆ ಬಣ್ಣದ ಒಂದು ರಬ್ಬರ್ ಟೊಪ್ಪಿ ಇರುತ್ತಿತ್ತು. ಬ್ಯಾಂಕಿನವರು ನೋಟು ಎಣಿಸುವಾಗ ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ತೆಗೆಯಲು ಮರೆತು ಹಾಗೇ ಚಹಾ ಕುಡಿಯಲು ಹೋಗುತ್ತಿದ್ದರು, ಹಾಗೇ ಪ್ರಾರ್ಥನೆಗೆ ನಿಲ್ಲುತ್ತಿದ್ದರು. ನಾವು ಹಿಂದಿನ ಸಾಲಿನಲ್ಲಿ ನಗುತ್ತಿದ್ದೆವು.

ಅವರು ಪೇಪರ್ ತಿದ್ದುವ ರೀತಿಗೆ ಆ ಟೊಪ್ಪಿ ಬೇಕೇ ಬೇಕಿತ್ತು. ಬೇರೆ ಮೇಷ್ಟ್ರುಗಳು ಒಬ್ಬರ ಪೇಪರ್ ಪೂರ್ತಿ ತಿದ್ದಿ ಪಕ್ಕಕ್ಕಿಡುತ್ತಿದ್ದರು. ಇವರು ಇಡೀ ತರಗತಿಯ ಮೊದಲ ಪ್ರಶ್ನೆ ತಿದ್ದಿ, ಮತ್ತೆ ಕಟ್ಟನ್ನು ಮೊದಲಿನಿಂದ ತಿರುವಿ ಎರಡನೆಯದಕ್ಕೆ ಹೋಗುತ್ತಿದ್ದರು. ಬಾಗಲಕೋಟೆ ಕಡೆಯವರು. "ಮೂರನೇ ಪ್ರಶ್ನೆಗೆ ಯಾರ್ಯಾರ್ ತೆಗ್ಗಿಗೆ ಬಿದ್ದೀರಿ ನೋಡೂಣು" ಎನ್ನುತ್ತಿದ್ದರು. ಒಟ್ಟು ಅಂಕದಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ. ಯಾರು ಎಲ್ಲಿ ತಪ್ಪಿದರೆಂದು ಚಾರ್ಟಿನಲ್ಲಿ ಗುರುತು ಹಾಕಿಕೊಂಡು, ಒಬ್ಬೊಬ್ಬರಿಗೂ ಬೇರೆ ಬೇರೆ ಅಭ್ಯಾಸದ ಹಾಳೆ ಕೊಡುತ್ತಿದ್ದರು. ತರಗತಿಗೇ ಮೊದಲಿಗಳಾದ ಹುಡುಗಿಗೆ ಚಿಕ್ಕ ಮಕ್ಕಳ ಸ್ಪೆಲಿಂಗ್ ಬಂದಾಗ ಅವಳು ಅತ್ತೇಬಿಟ್ಟಳು. "ಉತ್ತರಪತ್ರಿಕೆ ಸುಳ್ಳ ಹೇಳಂಗಿಲ್ಲವ್ವಾ" ಎಂದರು ಸರ್, ಸಮಾಧಾನದ ಧ್ವನಿಯಲ್ಲೇನೂ ಅಲ್ಲ.

ನನ್ನ ಅಬ್ಬಾ ತೀರಿಕೊಂಡದ್ದು ನಾನು ಹತ್ತನೇ ಕ್ಲಾಸಿಗೆ ಹೋಗುವ ಮುಂಚಿನ ಬೇಸಿಗೆ ರಜೆಯಲ್ಲಿ. ಕೋಗಿಲು ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದರು. ನನಗೆ ಅಳು ಬರಲಿಲ್ಲ. ಬಂದವರೆಲ್ಲ ಹುಡುಗಿ ಗಟ್ಟಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೆ. ಚಾಚಾ ಮಾತ್ರ ಅಮ್ಮಿಗೆ ಖಡಾಖಂಡಿತವಾಗಿ ಹೇಳಿದ್ದರು: ಹತ್ತನೇ ಕ್ಲಾಸ್ ಪಾಸಾದರೆ ಕಾಲೇಜು, ಫೇಲಾದರೆ ಗಾರ್ಮೆಂಟ್ಸ್. ಉಳಿದ ವಿಷಯಗಳ ಭಯ ಇರಲಿಲ್ಲ. ಇಂಗ್ಲಿಷ್ ಮಾತ್ರ ಪ್ರತಿ ಟೆಸ್ಟಿನಲ್ಲೂ ಕೈಕೊಡುತ್ತಿತ್ತು.

ಸರ್ ಆ ಜೂನ್‌ನಲ್ಲಿ ವರ್ಗವಾಗಿ ಬಂದವರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಪತ್ರದ ಪ್ರಶ್ನೆಯನ್ನು ಖಾಲಿ ಬಿಡುತ್ತೇನೆಂದು ಚಾರ್ಟು ಹೇಳಿತು. ಸರಿ, ನನ್ನ ಹಾಳೆಯ ತುಂಬ ಪತ್ರಗಳೇ ಬಂದವು. ಪ್ರವಾಸಕ್ಕೆ ಅನುಮತಿ ಕೇಳಿ ತಂದೆಗೆ, ಓದು ಹೇಗಿದೆ ಎಂದು ತಿಳಿಸಿ ತಂದೆಗೆ, ನಡುವೆ ಬೀದಿದೀಪದ ಬಗ್ಗೆ ಪಾಲಿಕೆಗೆ. ಪಾಲಿಕೆಗೆ ನೀಟಾಗಿ ಬರೆದೆ. ಉಳಿದವಕ್ಕೆ 'ಡಿಯರ್ ಫಾದರ್' ಎಂದು ಬರೆದು ಸುಮ್ಮನೆ ಕೂತೆ.

ಸರ್ ಹಾಳೆ ತಿರುವಿದರು. "ಬರಿಯಾಕ ಬರ್ತದಲ್ಲವ್ವಾ ನಿನಗ. ಅಪ್ಪಗ ಅಷ್ಟ ಯಾಕ ಬರಿಯಂಗಿಲ್ಲ?"

"ಅಬ್ಬಾ ಇಲ್ಲ ಸರ್. ರಜೇಲಿ ಹೋಗ್ಬಿಟ್ರು."

ಅವರು ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಅಯ್ಯೋ ಎನ್ನಲಿಲ್ಲ, ತಲೆ ಸವರಲಿಲ್ಲ. ನನಗೆ ಅದೇ ಹಿತವಾಯಿತು. "ಪಬ್ಲಿಕ್ ಪರೀಕ್ಷಾದಾಗ ಎರಡ ಪತ್ರ ಕೊಡ್ತಾರ, ಒಂದ ಬರದ್ರ ಸಾಕು. ನೀ ಆಫೀಸಿಂದು ಹಿಡಿ. ಅದರಾಗ ಒಂದ ಮಾರ್ಕ್ಸೂ ಬಿಡಬ್ಯಾಡ" ಎಂದರು.

ಆಮೇಲಿನ ಟೆಸ್ಟುಗಳಲ್ಲಿ ತಂದೆಗೆ ಪತ್ರ ಬರಲೇ ಇಲ್ಲ. ಪುಣ್ಯ ಎಂದುಕೊಂಡೆ. ಟೆಸ್ಟಾದ ಮೇಲೆ ಎಲ್ಲರೂ ಮರದ ಕೆಳಗೆ ಉತ್ತರ ಹೋಲಿಸುತ್ತಿದ್ದರು, ನಾನು ಹೋಗುತ್ತಿರಲಿಲ್ಲ. ಆ ವರ್ಷ ಯಾರೊಂದಿಗೂ ಹೆಚ್ಚು ಮಾತೇ ಇರಲಿಲ್ಲ. ಪಬ್ಲಿಕ್ ಪರೀಕ್ಷೆಯಲ್ಲಿ ಕುಡಿಯುವ ನೀರಿನ ಬಗ್ಗೆ ಎಂಜಿನಿಯರಿಗೆ ಪತ್ರ ಬರೆದೆ, ಪಾಸಾದೆ. ಚಾಚಾ ಮಾತಿಗೆ ತಪ್ಪಲಿಲ್ಲ.

ಹೋದ ತಿಂಗಳು ಸರ್ ಹೃದಯಾಘಾತದಿಂದ ತೀರಿಕೊಂಡರು. ಬಾಗಲಗುಂಟೆಯ ಅವರ ಮನೆಗೆ ನಾನೂ ಶಾಲೆಯ ಗೆಳತಿಯೊಬ್ಬಳೂ ಹೋದೆವು. ಮುಖ ನೋಡಿದೆ, ಕೈ ಮುಗಿದೆ. ಮತ್ತೆ ಅದೇ, ಒಳಗೆ ಏನೂ ಇಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಗೇಟಿನ ಹೊರಗೆ ಗೆಳತಿ ಕಣ್ಣೊರೆಸಿಕೊಂಡು ನಕ್ಕಳು. "ಅಪ್ಪಂಗೆ ಲೆಟರ್ ಬರ್ಸಿ ಬರ್ಸಿ ಸಾಯಿಸ್ಬಿಟ್ಟಿದ್ರು ಕಣೇ ನಮ್ಮನ್ನ. ಪ್ರತಿ ಟೆಸ್ಟಲ್ಲೂ ಅದೇ."

"ಟೆಸ್ಟಲ್ಲಿ ಎಲ್ಲಿತ್ತೇ? ಆಫೀಸ್ ಲೆಟರ್ ತಾನೇ ಕೊಡ್ತಿದ್ದಿದ್ದು?"

"ಇಲ್ಲಪ್ಪ. ಇಡೀ ಕ್ಲಾಸಿಗೆ ಅಪ್ಪಂಗೇ."

ಎಂದರೆ ಪ್ರತಿ ಟೆಸ್ಟಿಗೂ ನನ್ನೊಬ್ಬಳ ಪ್ರಶ್ನೆಪತ್ರಿಕೆಯನ್ನು ಅವರು ಬೇರೆಯಾಗಿ ತಯಾರಿಸುತ್ತಿದ್ದರು, ವರ್ಷ ಮುಗಿಯುವವರೆಗೂ, ಒಂದು ಮಾತೂ ಹೇಳದೆ. ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ನಿಲ್ಲಲೇ ಇಲ್ಲ. ಗೆಳತಿ ನನ್ನ ಬೆನ್ನು ಸವರುತ್ತಾ "ಸರ್ ತುಂಬ ಒಳ್ಳೇವ್ರು ಕಣೇ" ಎಂದಳು. ನಾನಾಗ ಅಳುತ್ತಿದ್ದದ್ದು ಅಬ್ಬಾಗಾಗಿ.